ಲೋಟ ಒಡೆದದ್ದು ಯಾರು?

ಮೆಕ್ಸಿಕೋದಲ್ಲಿದ್ದಾಗ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತಾಗಿ ಗಾಜಿನ ಲೋಟ ಬಿದ್ದು ಚೂರಾಯಿತು. ಗಾಬರಿಯಲ್ಲಿ ಸ್ಪ್ಯಾನಿಷಿನಲ್ಲಿ ‘ರೊಂಪೀ ಎಲ್ ಬಾಸೊ’ ಅಂದೆ. ‘ಲೋಟ ಒಡೆದುಹಾಕಿದೆ’ ಅಂತ. ಆ ಮನೆಯ ಅಜ್ಜಿ ಚೂರು ಗುಡಿಸುತ್ತಲೇ ನಕ್ಕು ತಿದ್ದಿದರು: ‘ಸೆ ತೆ ರೊಂಪಿಯೋ.’ ನೀನೆಲ್ಲಿ ಒಡೆದೆ, ಅದೇ ಒಡೆದುಹೋಯ್ತು ಅನ್ನುವ ಧಾಟಿ. ‘ರೊಂಪಿಯೋ’ ಅಂದರೆ ಒಡೆಯಿತು, ‘ತೆ’ ಅಂದರೆ ನಿನಗೆ, ‘ಸೆ’ ಅಂದರೆ ತನ್ನಷ್ಟಕ್ಕೆ ತಾನು. ಒಡೆದದ್ದು ಲೋಟ, ನೀನು ಸುಮ್ನೆ ಅಲ್ಲಿದ್ದೆ ಅಷ್ಟೇ.

ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುವಾಗ ಈ ಲೋಟವನ್ನು ಪ್ರತಿ ಬ್ಯಾಚಿನಲ್ಲೂ ಬೀಳಿಸುತ್ತೇನೆ. ಇದನ್ನು ಸ್ಪ್ಯಾನಿಷಿನಲ್ಲಿ ಹೇಳಿ ಅಂದರೆ ಜಾಸ್ತಿ ಜನ ಬರೆಯುವುದು ‘ಎಲ್ ಬಾಸೊ ಫ್ಯುಏ ರೋತೊ ಪೋರ್ ಮೀ’. ‘ಲೋಟವು ನನ್ನಿಂದ ಒಡೆಯಲ್ಪಟ್ಟಿತು.’ ವ್ಯಾಕರಣ ತಪ್ಪಿಲ್ಲ. ಆದರೆ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಟ್ಟ ಹಾಗಿದೆ, ಅಲ್ವಾ? ಮನಸ್ಸಿನಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಿ, ಆಮೇಲೆ ಸ್ಪ್ಯಾನಿಷಿಗೆ ದಾಟಿಸುವುದರ ಫಲ ಇದು. ಕನ್ನಡದಿಂದ ನೇರ ಹೋಗಿದ್ದರೆ ದಾರಿ ಹತ್ತಿರವಿತ್ತು. ‘ನನಗೆ ಮರೆತುಹೋಯಿತು’ ಅನ್ನುತ್ತೇವಲ್ಲ, ಸ್ಪ್ಯಾನಿಷಿನ ‘ಸೆ ಮೆ ಓಲ್ಬಿದೋ’ ಕೂಡ ಅದೇ. ‘ಮೆ’ ಅಂದರೆ ನನಗೆ. ಮರೆವಿನ ತಪ್ಪನ್ನು ಎರಡೂ ಭಾಷೆ ನಮ್ಮ ತಲೆಗೆ ಕಟ್ಟುವುದಿಲ್ಲ.

ಹಾಗಂತ ‘ಒಡೆಯಲ್ಪಟ್ಟಿತು’ ಥರದ ಈ ‘ಫ್ಯುಏ’ ಕೆಲಸಕ್ಕೆ ಬಾರದ್ದೇನಲ್ಲ. ‘ಪುಯೆಬ್ಲಾ ಫ್ಯುಏ ಫುಂದಾದಾ ಎನ್ 1531’, ಅಂದರೆ ಮೆಕ್ಸಿಕೋದ ಪುಯೆಬ್ಲಾ ನಗರ 1531ರಲ್ಲಿ ಸ್ಥಾಪನೆಯಾಯಿತು. ಇತಿಹಾಸದ ಪುಸ್ತಕ, ಪತ್ರಿಕೆ, ಕೋರ್ಟಿನ ಕಾಗದಗಳಲ್ಲಿ ಅದಕ್ಕೆ ಜಾಗವಿದೆ. ಊಟದ ಮೇಜಿನ ಮುಂದೆ ಬೇಡ. ನಮ್ಮ ‘ಅಲ್ಪಟ್ಟಿತು’ ಕೂಡ ಹಾಗೇ ತಾನೇ.

‘ಸೆ’ಯ ನಿಜವಾದ ತೊಡಕು ಅಲ್ಲಿನ ಬೋರ್ಡುಗಳಲ್ಲಿದೆ. ‘ಸೆ ಬೆಂದೆ ಉನಾ ಕಾಸಾ’ ಅಂದರೆ ಒಂದು ಮನೆ ಮಾರಾಟಕ್ಕಿದೆ. ಮನೆಗಳು ಹಲವಾದರೆ ಕ್ರಿಯಾಪದವೂ ಬದಲಾಗಿ ‘ಸೆ ಬೆಂದೆನ್ ಕಾಸಾಸ್’ ಆಗಬೇಕು. ಇಲ್ಲಿ ಕಾಸಾಸ್ ಕರ್ತೃ. ಅಲ್ಲಿನವರೇ ‘ಸೆ ಬೆಂದೆ ಕಾಸಾಸ್’ ಅಂತ ಬರೆದು ನೇತುಹಾಕುವುದುಂಟು. ಅದನ್ನು ಕಂಡು ಮೇಷ್ಟ್ರುಗಳು ಮುಖ ಸಿಂಡರಿಸುವುದೂ ಉಂಟು. ಪರೀಕ್ಷೆ ಬರೆಯುವವರು ಮೇಷ್ಟ್ರುಗಳ ಪಕ್ಷ ಸೇರುವುದು ಕ್ಷೇಮ.

ಇಷ್ಟು ಹೇಳಿಕೊಟ್ಟ ಮರುದಿನವೇ ಯಾರಾದರೂ ‘ಸೆ ಬುಸ್ಕಾ ಆ ಲೋಸ್ ಲಾದ್ರೋನೆಸ್’ ತೋರಿಸಿ ಕೇಳುತ್ತಾರೆ: ‘ಸರ್, ಕಳ್ಳರು ಬಹಳ ಜನ, ಕ್ರಿಯಾಪದ ಮಾತ್ರ ಯಾಕೆ ಏಕವಚನ?’ ಅದೇ ‘ಸೆ ಬುಸ್ಕಾನ್ ಕೋಸಿನೇರೋಸ್’ ಅನ್ನುವಾಗ ಬಹುವಚನ. ನಾನು ಎರಡನ್ನೂ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ: ‘ಕಳ್ಳರನ್ನು ಹುಡುಕಲಾಗುತ್ತಿದೆ’, ‘ಅಡುಗೆಯವರು ಬೇಕಾಗಿದ್ದಾರೆ’. ಕ್ಲಾಸಿನಲ್ಲಿ ‘ಓಹ್’ ಅನ್ನುವ ಸದ್ದು ಬರುವುದು ಆಗಲೇ. ಮೊದಲನೆಯದರಲ್ಲಿ ‘ಅನ್ನು’ ಹತ್ತಿದೆ, ಕಳ್ಳರು ಕರ್ಮ. ಅವರು ನೂರು ಜನ ಇದ್ದರೂ ‘ಲಾಗುತ್ತಿದೆ’ ಅಲ್ಲಾಡುವುದಿಲ್ಲ. ಎರಡನೆಯದರಲ್ಲಿ ಅಡುಗೆಯವರು ಕರ್ತೃ, ಅದಕ್ಕೇ ‘ಇದ್ದಾರೆ’.

ಆ ‘ಅನ್ನು’ ಮಾಡುವ ಕೆಲಸವನ್ನೇ ಸ್ಪ್ಯಾನಿಷಿನಲ್ಲಿ ಪುಟ್ಟ ‘ಆ’ ಮಾಡುತ್ತದೆ. ನಾವು ‘ಮರ ನೋಡಿದೆ’ ಅನ್ನಬಹುದು, ಆದರೆ ‘ಅಮ್ಮ ನೋಡಿದೆ’ ಅಂದರೆ ಕೆಡುತ್ತದೆ, ‘ಅಮ್ಮನನ್ನು’ ಬೇಕು. ಅವರೂ ಹಾಗೆಯೇ: ‘ಬೀ ಎಲ್ ಆರ್ಬೊಲ್’, ಆದರೆ ‘ಬೀ ಆ ಮಿ ಮಾದ್ರೆ’. ಇಂಥವರೇ ಅಂತ ಗೊತ್ತಿರುವ ಮನುಷ್ಯರಾದರೆ ‘ಆ’ ಬರುತ್ತದೆ. ಯಾರಾದರೂ ಸರಿ, ಒಬ್ಬ ಅಡುಗೆಯವ ಸಿಕ್ಕರೆ ಸಾಕು ಅನ್ನುವಾಗ ಸಾಮಾನ್ಯವಾಗಿ ಅದು ಬಿದ್ದುಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಪತ್ರಿಕೆಯಲ್ಲಿ ‘ಪೊಲೀಸರಿಂದ ರಸ್ತೆಯನ್ನು ಮುಚ್ಚಲಾಗಿದೆ’ ಅಂತ ಓದಿ ಓದಿ, ‘ಸೆ’ ಇರುವ ಕಡೆಯೂ ‘ಪೋರ್ ಲಾ ಪೊಲಿಸೀಯಾ’ (ಪೊಲೀಸರಿಂದ) ಅಂತ ಬಾಲ ಸೇರಿಸುವವರಿದ್ದಾರೆ. ಕಿವಿಗೆ ಚುಚ್ಚುತ್ತದೆ. ಮಾಡಿದವರ ಹೆಸರು ಹೇಳಲೇಬೇಕಿದ್ದರೆ ‘ಪೊಲೀಸರು ಮುಚ್ಚಿದರು’ ಅಂದುಬಿಡಿ.

ಹೆಸರು ಬೇಡದಿದ್ದರೆ ಇನ್ನೂ ಸುಲಭದ ದಾರಿಯಿದೆ. ‘ದೀಸೆನ್ ಕೆ ಬಾ ಆ ಯೋಬೇರ್.’ ಪದಕ್ಕೆ ಪದ ‘ಮಳೆ ಬರುತ್ತದೆ ಅನ್ನುತ್ತಾರೆ’. ನಾನಂತೂ ‘ಮಳೆ ಬರುತ್ತಂತೆ’ ಅಂತಲೇ ಅನುವಾದ ಮಾಡಿಸುವುದು. ಯಾರು ಹೇಳಿದ್ದು ಅಂತ ಕೇಳುವ ಹಾಗಿಲ್ಲ. ಆದರೆ ಮುಂದೆ ‘ಎಯೋಸ್’ ಸೇರಿಸಿ ‘ಎಯೋಸ್ ದೀಸೆನ್’ ಅಂದುಬಿಟ್ಟರೆ ‘ಅಂತೆ’ ಮಾಯ. ಕೇಳಿದವರು ತಿರುಗಿ ನೋಡುತ್ತಾರೆ, ಅವರು ಅಂದರೆ ಯಾರು ಅಂತ.