ತೋಟ-ಮೇವು ಪದ್ಧತಿ: ಮುಂದೆ ಕುರಿ, ಹಿಂದೆ ಕೋಳಿ

ಹಣ್ಣಿನ ಮರಗಳ ಸಾಲಿನ ನಡುವೆ ಹುಲ್ಲು ಬೆಳೆಸಿ, ಅಲ್ಲೇ ಕುರಿ ಮೇಯಿಸಿ ಕೋಳಿ ಬಿಡುವುದೇ ತೋಟ-ಮೇವು ಪದ್ಧತಿ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುವುದು ವಿಜಯಪುರ, ಬಾಗಲಕೋಟೆ, ಬೆಳಗಾವಿಯ ರೈತರಿಗೆ ಹೊಸದೇನಲ್ಲ. ಆದರೆ ಆ ಹಿಂಡು ಒಂದೆರಡು ರಾತ್ರಿ ತಂಗಿ ಮುಂದಿನ ಊರಿಗೆ ಹೋಗುತ್ತದೆ. ಇಲ್ಲಿ ಕುರಿ-ಕೋಳಿ ತೋಟದಲ್ಲೇ ಇರುತ್ತವೆ. ಅವು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗಿರಬೇಕು ಎಂಬುದನ್ನು ಮರದ ಹಂಗಾಮೇ ಗೊತ್ತುಮಾಡುತ್ತದೆ.

ಇದಕ್ಕೆ ಮಾವು ಹೇಳಿ ಮಾಡಿಸಿದ ಬೆಳೆ. ಜೂನ್ ಹೊತ್ತಿಗೆ ಕೊಯ್ಲು ಮುಗಿದು ಮಳೆ ಬಿದ್ದು ಹುಲ್ಲು ಏಳುತ್ತದೆ. ಹೂ ಬಿಡುವ ಡಿಸೆಂಬರ್‌ವರೆಗೂ ಮೇಯಿಸಬಹುದು. ಹಣ್ಣು ಕೀಳುವ ಮುಂಚಿನ 3 ತಿಂಗಳು ಹಸಿ ಹಿಕ್ಕೆ ಬೀಳದಂತೆ ತೋಟ ಖಾಲಿ ಇರಬೇಕು. ಇಂಡಿ ಕಡೆಯ ಲಿಂಬೆಗೆ ತೊಡಕು ಇಲ್ಲೇ: ವರ್ಷದಲ್ಲಿ ಹಲವು ಸಲ ಕಾಯಿ, ಅದರಲ್ಲೂ ಉದುರಿದ ಹಣ್ಣನ್ನು ನೆಲದಿಂದಲೇ ಆರಿಸುವುದು. ದಾಳಿಂಬೆ ಬುಡದಿಂದಲೇ ಕವಲೊಡೆಯುತ್ತದೆ, ಕುರಿ ಬಾಯಿಗೆ ಚಿಗುರು ಉಳಿಯದು. ಯಾವ ಮರವಾದರೂ ಕೆಳಗಿನ ಟೊಂಗೆ 4–5 ಅಡಿ ಮೇಲೇರುವ ತನಕ ಕೋಳಿಯಷ್ಟೇ ಸಾಕು. ಆಡು ಮಾತ್ರ ಯಾವತ್ತೂ ಬೇಡ. ಅದು ಸುತ್ತಲೂ ತೊಗಟೆ ಸುಲಿದ ಮರ ಒಣಗಿಹೋಗುತ್ತದೆ.

ಮೈಲುತುತ್ತದ ವಿಷಯ ಎಲ್ಲಕ್ಕಿಂತ ಮುಖ್ಯ. ದ್ರಾಕ್ಷಿ, ದಾಳಿಂಬೆಗೆ ಹೊಡೆಯುವ, ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ದ್ರಾವಣದ ತಾಮ್ರ ಕೆಳಗಿನ ಹುಲ್ಲಿಗೂ ಇಳಿಯುತ್ತದೆ. ಉಳಿದ ಜಾನುವಾರು ತಾಳಿಕೊಂಡಷ್ಟು ತಾಮ್ರವನ್ನು ಕುರಿ ತಾಳದು. ಅದು ಯಕೃತ್ತಿನಲ್ಲಿ ವಾರಗಟ್ಟಲೆ ಸಂಗ್ರಹವಾಗಿ ಒಮ್ಮೆಲೇ ರಕ್ತಕ್ಕೆ ಬರುತ್ತದೆ: ಕಣ್ಣು ಹಳದಿ, ಮೂತ್ರ ಕಂದುಗೆಂಪು, ಒಂದೆರಡು ದಿನದಲ್ಲಿ ಸಾವು. ಮೇಯುವಾಗ ಗಟ್ಟಿಮುಟ್ಟಾಗೇ ಕಾಣುವುದರಿಂದ ಕಾರಣ ಹೊಳೆಯುವುದೇ ಇಲ್ಲ. ತಾಮ್ರ ಸಿಂಪಡಿಸುವ ತೋಟದಿಂದ ಕುರಿಯನ್ನು ದೂರವೇ ಇಡಿ.

ಎಕರೆಯನ್ನು 5 ಪಟ್ಟಿ ಮಾಡಿ, ಒಂದರಲ್ಲಿ 4–5 ದಿನಕ್ಕಿಂತ ಹೆಚ್ಚು ಮೇಯಿಸಬೇಡಿ. ಹಿಕ್ಕೆಯಲ್ಲಿನ ಜಂತುವಿನ ತತ್ತಿ ಬೆಚ್ಚಗಿನ ತೇವದಲ್ಲಿ ವಾರದೊಳಗೆ ಮರಿಯಾಗಿ ಹುಲ್ಲಿನ ತುದಿಗೇರುತ್ತದೆ. ಅಷ್ಟರಲ್ಲಿ ಹಿಂಡು ಮುಂದಿನ ಪಟ್ಟಿಗೆ ಹೋಗಿರಬೇಕು. ಅದು ಹೋದ 3–4 ದಿನಕ್ಕೆ ಕೋಳಿ ಬಿಡಿ. ಅಷ್ಟೊತ್ತಿಗೆ ಹಿಕ್ಕೆಯಲ್ಲಿ ನೊಣದ ಹುಳು ಕೊಬ್ಬಿರುತ್ತವೆ. ಕೋಳಿ ಅವನ್ನು ಕೆದರಿ ತಿನ್ನುತ್ತಾ ಗೊಬ್ಬರವನ್ನೂ ಹರಡುತ್ತದೆ, ಮೇಲ್ಮಣ್ಣಿನಲ್ಲಿ ಅಡಗಿದ ಹಣ್ಣು ನೊಣದ ಕೋಶವನ್ನೂ ಹೆಕ್ಕುತ್ತದೆ. ಅದೇ ಕಾಲು ಡ್ರಿಪ್ ಪೈಪನ್ನೂ ಬುಡದ ಬೇರನ್ನೂ ಬಯಲು ಮಾಡುತ್ತದೆ. ಹಾಗಾಗಿ ಪೈಪನ್ನು ತಂತಿಗೆ ಕಟ್ಟಿ ಮೇಲೆತ್ತಿ, ಬುಡಕ್ಕೆ ಕಲ್ಲು ಹೊಂದಿಸಿ.

ಒಣಬೇಸಾಯದ ಎಕರೆಗೆ 4–5 ಕುರಿ, 80–100 ಕೋಳಿ ಸಾಕು. ಗಿರಿರಾಜದಂಥ ತಳಿಗೆ ಕೆದರಿದ್ದಷ್ಟರಿಂದ ಹೊಟ್ಟೆ ತುಂಬದು. ಕೋಳಿಯೊಂದಕ್ಕೆ ದಿನಕ್ಕೆ 40–50 ಗ್ರಾಂ ಜೋಳ-ಹಿಂಡಿ ಸಂಜೆ ಗೂಡಿನಲ್ಲೇ ಹಾಕಿ, ತಾವಾಗಿ ಮರಳುತ್ತವೆ. ಗೂಡಿಗೆ ಗಾಲಿ ಇರಲಿ. ಒಂದೇ ಕಡೆ ನಿಂತರೆ ಅಲ್ಲಿ ಹಿಕ್ಕೆ ರಾಶಿಯಾಗಿ ಹತ್ತಿರದ ಮರದ ಎಲೆಯಂಚು ಸುಡುತ್ತದೆ.

ಎರೆ ಭೂಮಿಯಾದರೆ ಮಳೆ ಬಿದ್ದ 2–3 ದಿನ ಹಿಂಡು ಹೊರಗಿರಲಿ. ತುಳಿದ ಹಸಿ ಎರೆ ಒಣಗಿದಾಗ ಹೆಂಟೆಗಟ್ಟುತ್ತದೆ, ನೀರು ಇಂಗದು. ಕೆಸರಿನಲ್ಲಿ ನಿಂತ ಕುರಿಯ ಗೊರಸೂ ಕೊಳೆಯುತ್ತದೆ. ಆ ದಿನಗಳಿಗೆಂದು ಪಕ್ಕದ ಹೊಲದ ಮೊಣಕಾಲೆತ್ತರದ ಎಳೆ ಜೋಳಕ್ಕೆ ಬಿಡಬೇಡಿ, ಅದರಲ್ಲಿ ಸಯನೈಡ್ ವಿಷವಿರುತ್ತದೆ. ಒಣ ಕಣಿಕೆ ಕತ್ತರಿಸಿ ಹಾಕಿ.