ಏರು ಹತ್ತುವ ಕಾವೇರಿ: ಎಂಜಿನಿಯರಿಂಗ್ ಆರಿಸಿಕೊಳ್ಳುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಕೇಳಿಬರುವ 'ಮುಂದೇನು?' ಎಂಬ ಪ್ರಶ್ನೆಗೆ ಎಂಜಿನಿಯರಿಂಗ್ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅಲ್ಲಿಂದ ಮುಂದಿನ ಮಾತೆಲ್ಲ ಯಾವ ಬ್ರಾಂಚು, ಎಷ್ಟು ರ‍್ಯಾಂಕು, ಎಷ್ಟು ಪ್ಯಾಕೇಜು ಎಂಬುದರ ಸುತ್ತಲೇ ತಿರುಗುತ್ತದೆ. ಎಂಜಿನಿಯರ್ ಆದವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕೇಳಿದರೂ ಹೇಳಬಲ್ಲವರು ಕಡಿಮೆ. ವೈದ್ಯರ ಕೆಲಸವನ್ನು ಮಕ್ಕಳು ಆಸ್ಪತ್ರೆಯಲ್ಲಿ ಕಂಡಿರುತ್ತಾರೆ, ಶಿಕ್ಷಕರ ಕೆಲಸವನ್ನು ದಿನವೂ ಕಾಣುತ್ತಾರೆ. ಎಂಜಿನಿಯರ್ ಮಾಡಿದ ಕೆಲಸವಾದರೋ ಕೆಟ್ಟು ನಿಂತಾಗಲೇ ಜನರ ಗಮನಕ್ಕೆ ಬರುವುದು. ಆದ್ದರಿಂದ ಹತ್ತಾರು ಶಾಖೆಗಳ ಹೆಸರು ಹೇಳಿ ಪರಿಚಯಿಸುವ ಬದಲು, ನಮ್ಮ ರಾಜ್ಯದಲ್ಲೇ ಹಗಲೂ ರಾತ್ರಿ ನಡೆಯುತ್ತಿರುವ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡುವುದು ಮೇಲು. ಬೆಂಗಳೂರಿಗೆ ಕಾವೇರಿ ನೀರನ್ನು ತಲುಪಿಸುವ ಕೆಲಸ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಕೆರೆಗಳು ಸಾಲದಾದಾಗ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರನ್ನು ತರಲಾಯಿತು. ಅದೂ ಸಾಲದೆ, 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ನಗರಕ್ಕೆ ಬಂತು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ ಮೂರು ಮಜಲುಗಳಲ್ಲಿ ಪಂಪುಗಳ ಬಲದಿಂದ ಏರುತ್ತದೆ. ಒಟ್ಟು ದಾರಿ ಸುಮಾರು 100 ಕಿಲೋಮೀಟರ್, ಒಟ್ಟು ಏರು ಸುಮಾರು 500 ಮೀಟರ್. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗುವ ಮುನ್ನವೇ ದಿನಕ್ಕೆ ಸುಮಾರು 145 ಕೋಟಿ ಲೀಟರ್ ನೀರು ಹೀಗೆ ಏರಿ ಬರುತ್ತಿತ್ತು; ಐದನೇ ಹಂತವು ಇದಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿಸುವಂತೆ ರೂಪುಗೊಂಡಿದೆ.

ಈ ಏರಿಗೆ ಎಷ್ಟು ಶಕ್ತಿ ಬೇಕು ಎಂಬುದನ್ನು ಒಂಬತ್ತನೇ ತರಗತಿಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಈ ಮೂರನ್ನು ಗುಣಿಸಿದರೆ ಆಯಿತು. ಹದಿನೈದು ಲೀಟರ್ ಹಿಡಿಯುವ ಒಂದು ಕೊಡ ನೀರನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 73,500 ಜೂಲ್. ಹತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಎರಡು ಗಂಟೆ ಉರಿಸಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ. ಸಾವಿರ ಲೀಟರಿಗೆ ಇದು ಸುಮಾರು 1.36 ಯೂನಿಟ್ ವಿದ್ಯುತ್ತಾಗುತ್ತದೆ, 145 ಕೋಟಿ ಲೀಟರಿಗೆ ದಿನಕ್ಕೆ ಸುಮಾರು 20 ಲಕ್ಷ ಯೂನಿಟ್. ಕೊಳವೆಯೊಳಗಿನ ಘರ್ಷಣೆ, ಪಂಪು ಮತ್ತು ಮೋಟರುಗಳಲ್ಲಾಗುವ ನಷ್ಟ ಇವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಮೊತ್ತ ಇನ್ನೂ ಏರುತ್ತದೆ. ಪಂಪುಗಳ ದಕ್ಷತೆಯನ್ನು ನೂರಕ್ಕೆ ಒಂದರಷ್ಟು ಸುಧಾರಿಸಿದರೂ ದಿನಕ್ಕೆ ಇಪ್ಪತ್ತು ಸಾವಿರ ಯೂನಿಟ್ಟಿನ ಆಸುಪಾಸಿನಲ್ಲಿ ಉಳಿತಾಯವಾಗುತ್ತದೆ. ಪಂಪಿನೊಳಗೆ ತಿರುಗುವ ಚಕ್ರದ ಅಲಗು ಯಾವ ಕೋನದಲ್ಲಿ ಬಾಗಿರಬೇಕು ಎಂಬ ವಿಚಾರದಲ್ಲಿ ಕೆಲವರು ಇಡೀ ವೃತ್ತಿಜೀವನವನ್ನೇ ಕಳೆಯುವುದು ಸುಮ್ಮನೆ ಅಲ್ಲ.

ಶಾಲೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಎಂಜಿನಿಯರನ ಕೆಲಸ ಇಲ್ಲಿಂದ ಶುರುವಾಗುತ್ತದೆ. ಅಷ್ಟೂ ಎತ್ತರವನ್ನು ಒಂದೇ ನೆಗೆತದಲ್ಲಿ ಏರಿಸದೆ ಮೂರು ಮಜಲು ಮಾಡುವುದೇಕೆ? ನೀರಿನ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ವಾತಾವರಣದ ಒಂದು ಪಟ್ಟು ಒತ್ತಡ ಎಂದು ಹಿಡಿದರೆ, 500 ಮೀಟರ್ ನೀರಿನ ಕಂಬದ ಬುಡದಲ್ಲಿ ಐವತ್ತು ಪಟ್ಟು ಒತ್ತಡವಿರುತ್ತದೆ. ಕೊಳವೆಯ ಗೋಡೆ ಎಷ್ಟು ದಪ್ಪವಿರಬೇಕೆಂಬುದು ಈ ಒತ್ತಡವನ್ನೂ ಕೊಳವೆಯ ವ್ಯಾಸವನ್ನೂ ಅವಲಂಬಿಸಿದೆ. ಮೂರು ಮೀಟರ್ ವ್ಯಾಸದ ಉಕ್ಕಿನ ಕೊಳವೆ ಎಂದಿಟ್ಟುಕೊಂಡು, ಉಕ್ಕಿನ ಸಾಮರ್ಥ್ಯದ ಸುಮಾರು ಅರ್ಧವನ್ನಷ್ಟೇ ಬಳಸುವುದೆಂದು ನಿರ್ಧರಿಸಿದರೆ, ಬುಡದಲ್ಲಿ ಗೋಡೆಯ ದಪ್ಪ 60 ಮಿಲಿಮೀಟರಿನಷ್ಟಾಗುತ್ತದೆ. ಅಂಥ ತಗಡನ್ನು ಬಾಗಿಸುವುದು, ಬೆಸುಗೆ ಹಾಕುವುದು, ಹೊಲಗದ್ದೆಗಳ ನಡುವೆ ಸಾಗಿಸುವುದು ಮೂರೂ ಕಷ್ಟ. ಏರನ್ನು ಮೂರಾಗಿ ಹಂಚಿದರೆ ಸುಮಾರು 20 ಮಿಲಿಮೀಟರ್ ಸಾಕು. ಹಾಗಂತ ಮೂರನ್ನು ಆರು ಮಾಡಿದರೆ ಇನ್ನೂ ಅಗ್ಗವಾಗುತ್ತದೆಯೇ? ಕೊಳವೆ ತೆಳುವಾಗುತ್ತದೆ ನಿಜ, ಆದರೆ ಆರು ಕಡೆ ಪಂಪ್‌ಹೌಸ್, ಆರು ಕಡೆ ಜಮೀನು, ಆರು ಕಡೆ ವಿದ್ಯುತ್ ಲೈನ್, ಆರು ಕಡೆ ಪಾಳಿ ಕೆಲಸಗಾರರು ಬೇಕಾಗುತ್ತಾರೆ; ಆರರಲ್ಲಿ ಯಾವುದೊಂದು ನಿಂತರೂ ನೀರು ನಿಲ್ಲುತ್ತದೆ.

ಇಂಥ ಪ್ರಶ್ನೆಗೆ ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ಕೊಟ್ಟಿರುವುದಿಲ್ಲ. ಎರಡು ಮಜಲಿನ ಯೋಜನೆಯೂ ನಡೆಯುತ್ತದೆ, ನಾಲ್ಕು ಮಜಲಿನದೂ ನಡೆಯುತ್ತದೆ. ಈ ನೆಲಕ್ಕೆ, ಈ ಹಣಕ್ಕೆ, ಮುಂದಿನ ಮೂವತ್ತು ನಲವತ್ತು ವರ್ಷಗಳ ಬೇಡಿಕೆಗೆ ಯಾವುದು ಒಗ್ಗುತ್ತದೆಂದು ತೀರ್ಮಾನಿಸಿ, ಕಾರಣಗಳನ್ನು ಬರೆದಿಟ್ಟು, ಸಹಿ ಹಾಕಬೇಕಾದವರು ಎಂಜಿನಿಯರುಗಳು. ಉಕ್ಕಿನ ಸಾಮರ್ಥ್ಯದ ಅರ್ಧವನ್ನಷ್ಟೇ ಬಳಸುವುದೆಂದು ಮೇಲೆ ಹೇಳಿದ್ದೂ ಇಂಥದೇ ತೀರ್ಮಾನ. ತಗಡಿನಲ್ಲಿ ಕಾಣದ ದೋಷವಿರಬಹುದು, ಬೆಸುಗೆ ಒಂದೆಡೆ ಸಡಿಲವಾಗಿರಬಹುದು, ತುಕ್ಕು ಹಿಡಿಯಬಹುದು ಎಂದು ಮೊದಲೇ ಒಪ್ಪಿಕೊಂಡು ಬಿಟ್ಟಿರುವ ಅಂತರಕ್ಕೆ ಸುರಕ್ಷತಾ ಅಂಶ ಎನ್ನುತ್ತಾರೆ. ಎಂಜಿನಿಯರಿಂಗನ್ನು ಅನ್ವಯಿಕ ವಿಜ್ಞಾನ ಎಂದಷ್ಟೇ ಮಕ್ಕಳಿಗೆ ಹೇಳಿಕೊಡುವುದು ನನಗೆ ಸಾಲದೆನಿಸುವುದು ಇದೇ ಕಾರಣಕ್ಕೆ: ಪೂರ್ತಿ ಗೊತ್ತಿಲ್ಲದಿರುವಾಗಲೂ ಹೊಣೆ ಹೊತ್ತು ಆಯ್ಕೆ ಮಾಡುವ ಭಾಗ ಆ ವಿವರಣೆಯಲ್ಲಿ ಬಿಟ್ಟುಹೋಗುತ್ತದೆ.

ಕೊಳವೆ ಹಾಕಿ ಪಂಪು ಚಾಲೂ ಮಾಡಿದ ಮೇಲೂ ನಿಶ್ಚಿಂತೆಯಿಲ್ಲ. ಮೂರು ಮೀಟರ್ ವ್ಯಾಸದ ಕೊಳವೆಯಲ್ಲಿ ಪ್ರತಿ ಮೀಟರ್ ಉದ್ದಕ್ಕೆ ಏಳು ಟನ್ ನೀರಿರುತ್ತದೆ. ಮೂವತ್ತು ಕಿಲೋಮೀಟರ್ ಉದ್ದದ ಒಂದು ಮಜಲಿನಲ್ಲಿ ಎರಡು ಲಕ್ಷ ಟನ್ನಿಗೂ ಹೆಚ್ಚು. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಇದೆಲ್ಲ ಮೇಲೇರುತ್ತಿರುವಾಗ ಇದ್ದಕ್ಕಿದ್ದಂತೆ ಕರೆಂಟು ಹೋಯಿತೆನ್ನಿ. ಪಂಪು ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ, ಆದರೆ ಜಡತ್ವದಿಂದಾಗಿ ಮುಂದಿನ ನೀರು ಓಡುತ್ತಲೇ ಇರುತ್ತದೆ. ಪಂಪಿನ ಬಳಿ ಒತ್ತಡ ಕುಸಿಯುತ್ತದೆ, ದಾರಿಯ ಏರುತಾಣಗಳಲ್ಲಿ ನೀರಿನ ಕಂಬ ಕತ್ತರಿಸಿಹೋಗಿ ನಡುವೆ ಪೊಳ್ಳು ಉಂಟಾಗುತ್ತದೆ. ಕೊನೆಗೆ ವೇಗ ಕಳೆದುಕೊಂಡ ನೀರು ಇಳಿಜಾರಿನಲ್ಲಿ ಹಿಂದಕ್ಕೆ ಬಂದು ಆ ಪೊಳ್ಳನ್ನು ಮುಚ್ಚುವಾಗ ಆಗುವ ಹೊಡೆತಕ್ಕೆ ವಾಟರ್ ಹ್ಯಾಮರ್ ಎಂದು ಹೆಸರು. ನಲ್ಲಿಯನ್ನು ಥಟ್ಟನೆ ತಿರುಗಿಸಿ ನಿಲ್ಲಿಸಿದಾಗ ಕೆಲವು ಮನೆಗಳ ಗೋಡೆಯೊಳಗೆ ಕೇಳುವ 'ದಡ್' ಎಂಬ ಸದ್ದು ಇದರದೇ ಚಿಕ್ಕ ರೂಪ. ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿದ ನಿಕೊಲಾಯ್ ಝುಕೋವ್‌ಸ್ಕಿ 1890ರ ದಶಕದಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು: ನೀರಿನ ಸಾಂದ್ರತೆ, ಕೊಳವೆಯಲ್ಲಿ ಒತ್ತಡದ ಅಲೆ ಸಾಗುವ ವೇಗ, ನಿಂತುಹೋದ ಹರಿವಿನ ವೇಗ ಈ ಮೂರರ ಗುಣಲಬ್ಧವೇ ಹೆಚ್ಚುವರಿ ಒತ್ತಡ. ಅಲೆಯ ವೇಗ ಸೆಕೆಂಡಿಗೆ ಸಾವಿರ ಮೀಟರ್ ಎಂದು ಹಿಡಿದರೆ ನಮ್ಮ ಕೊಳವೆಯ ಮೇಲೆ ಬೀಳುವ ಹೊಡೆತ ವಾತಾವರಣದ ಇಪ್ಪತ್ತು ಪಟ್ಟು, ಅಂದರೆ ಕೊಳವೆ ಮಾಮೂಲಾಗಿ ಹೊರುವ ಹೊರೆಗಿಂತಲೂ ಹೆಚ್ಚು. ಇದನ್ನು ತಾಳಿಕೊಳ್ಳಲೆಂದು ದಾರಿಯುದ್ದಕ್ಕೂ ಗಾಳಿ ಒಳಬಿಡುವ ವಾಲ್ವುಗಳು, ಮೆಲ್ಲಗೆ ಮುಚ್ಚುವ ತಡೆಬಾಗಿಲುಗಳು, ಒತ್ತಡವನ್ನು ಹೀರುವ ತೊಟ್ಟಿಗಳು ಇರುತ್ತವೆ. ದೊಡ್ಡ ಕೊಳವೆ ಮಾರ್ಗಗಳ ಮೇಲೆ ಅಲ್ಲಲ್ಲಿ ತಲೆ ಎತ್ತಿ ನಿಂತಿರುವ ಕಬ್ಬಿಣದ ಗುಬುಟುಗಳನ್ನು ಬಸ್ಸಿನ ಕಿಟಕಿಯಿಂದ ನೀವು ನೋಡಿರಬಹುದು. ಅವುಗಳಲ್ಲಿ ಹಲವು ಈ ಗಾಳಿ ವಾಲ್ವುಗಳೇ.

ರಸಾಯನಶಾಸ್ತ್ರದ ಪಾಲು ಇದಕ್ಕಿಂತ ಕಡಿಮೆಯೇನಲ್ಲ. ಮಳೆಗಾಲದ ನದಿನೀರಿನಲ್ಲಿ ತೇಲುವ ಜೇಡಿಯ ಕಣಗಳು ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂಡುತ್ತ, ದಿನಗಟ್ಟಲೆ ಬಿಟ್ಟರೂ ತಳ ಸೇರುವುದಿಲ್ಲ. ಪಟಿಕ ಹಾಕಿದಾಗ ಅದರಲ್ಲಿರುವ ಅಲ್ಯುಮಿನಿಯಂ ಆ ವಿದ್ಯುದಂಶವನ್ನು ತಣಿಸುತ್ತದೆ. ಕಣಗಳು ಕೂಡಿಕೊಂಡು ಹಿಂಜಿದ ಹತ್ತಿಯಂಥ ಉಂಡೆಗಳಾಗಿ ಕೆಳಗಿಳಿಯುತ್ತವೆ. ಎಷ್ಟು ಹಾಕಬೇಕು ಎಂಬುದು ನೀರಿನೊಂದಿಗೆ ಬದಲಾಗುವ ಸಂಗತಿ. ಅದನ್ನು ತಿಳಿಯಲು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಜಾರ್ ಟೆಸ್ಟ್ ಮಾಡುತ್ತಾರೆ. ಸಾಲಾಗಿ ಇಟ್ಟ ಆರು ಗಾಜಿನ ಪಾತ್ರೆಗಳಿಗೆ ಒಂದೇ ನೀರು, ಆದರೆ ಪಟಿಕದ ಪ್ರಮಾಣ ಮಾತ್ರ ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಮೊದಲು ಒಂದು ನಿಮಿಷ ಜೋರಾಗಿ, ಆಮೇಲೆ ಇಪ್ಪತ್ತು ನಿಮಿಷದಷ್ಟು ಮೆಲ್ಲಗೆ ಕದಡಿ, ನಿಲ್ಲಲು ಬಿಟ್ಟು ನೋಡಿದರೆ, ಮೊದಲೆರಡು ಪಾತ್ರೆಗಳು ಇನ್ನೂ ಬಗ್ಗಡವಾಗಿರುತ್ತವೆ, ನಡುವಿನದೊಂದು ತಿಳಿಯಾಗಿರುತ್ತದೆ, ಕೊನೆಯದರಲ್ಲಿ ಪಟಿಕ ಅತಿಯಾಗಿ ನೀರು ಕೆಲವೊಮ್ಮೆ ಮತ್ತೆ ಮಬ್ಬಾಗುತ್ತದೆ. ಪಾಳಿಯಲ್ಲಿರುವವರು ಇದನ್ನು ನೋಡಿ ಕೋಟ್ಯಂತರ ಲೀಟರಿಗೆ ಬೇಕಾದ ಪ್ರಮಾಣವನ್ನು ನಿಗದಿ ಮಾಡುತ್ತಾರೆ. ಬಳಿಕ ಮರಳಿನ ಸೋಸುಹಾಸು, ಅದಾದ ಮೇಲೆ ಕ್ಲೋರಿನ್. ನೂರು ಕಿಲೋಮೀಟರ್ ಸಾಗಿ ಕೊನೆಯ ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ.

ಮೋಟರು ಮತ್ತು ವಿದ್ಯುತ್ ಪೂರೈಕೆಯ ಭಾಗ ಎಲೆಕ್ಟ್ರಿಕಲ್ ಎಂಜಿನಿಯರುಗಳದು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೀರಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮಾತ್ರ ಒಂದು ಸಂಗತಿ ಹೇಳಬೇಕು. ಹಳೆಯ ಕೊಳವೆ ಜಾಲವಿರುವ ನಗರಗಳಲ್ಲಿ ನೆಲದಡಿ ಸೋರಿಹೋಗುವ ನೀರಿನ ಪಾಲು ದೊಡ್ಡದು. ಸೋರಿಕೆಯನ್ನು ಹುಡುಕಲು ಬಡಾವಣೆಯೊಂದಕ್ಕೆ ನೀರು ಬರುವ ದಾರಿಗೆ ಮೀಟರ್ ಕೂಡಿಸಿ, ನಡುರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವಿನ ಹರಿವನ್ನು ಗಮನಿಸುತ್ತಾರೆ. ಜನರೆಲ್ಲ ಮಲಗಿರುವಾಗಲೂ, ತೊಟ್ಟಿಗಳೆಲ್ಲ ತುಂಬಿದ ಮೇಲೂ ಮೀಟರ್ ಓಡುತ್ತಲೇ ಇದ್ದರೆ ಆ ನೀರು ಎಲ್ಲೋ ಮಣ್ಣಿಗೆ ಹೋಗುತ್ತಿದೆ ಎಂದೇ ಅರ್ಥ. ನೂರಾರು ಬಡಾವಣೆಗಳ ಇಂಥ ಅಂಕಿಗಳನ್ನು ಜರಡಿ ಹಿಡಿದು, ಇಂದು ಮೊದಲು ಯಾವ ರಸ್ತೆ ಅಗೆಯಬೇಕೆಂದು ಸೂಚಿಸುವ ತಂತ್ರಾಂಶ ಬರೆಯುವವರಿಗೆ ಪ್ರೋಗ್ರಾಮಿಂಗಿನ ಜೊತೆಗೆ ನೀರಿನ ನಡತೆಯೂ ಗೊತ್ತಿರಬೇಕು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಏರುತ್ತದೆಂಬುದನ್ನು ಅಂಗೈಯಂತೆ ಬಲ್ಲ ವಾಲ್ವ್‌ಮನ್‌ನನ್ನೋ ಹಳ್ಳಿಯ ನೀರುಗಂಟಿಯನ್ನೋ ಮಾತನಾಡಿಸದೆ ಬರೆದ ತಂತ್ರಾಂಶ ಕಚೇರಿಯ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಹೀಗಿರುವಾಗ ಹದಿನಾರರ ವಯಸ್ಸಿನಲ್ಲಿ ಬ್ರಾಂಚಿನ ಹೆಸರು ಹಿಡಿದು ತಲೆ ಕೆಡಿಸಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ಅಲ್ಲಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಲ್ಲಿಂದ ಅಮೆರಿಕದ ಮಿಷಿಗನ್‌ಗೆ ಹೋಗಿ, ಮರಳಿ ಬಂದು ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ದಶಕಗಳ ಕಾಲ ಪಾಠ ಹೇಳಿದರು, ಸಂಶೋಧನೆ ನಡೆಸಿದರು. ಆರಿಸಿಕೊಳ್ಳುವಾಗ ಕೇಳಿಕೊಳ್ಳಬೇಕಾದದ್ದು ಬೇರೆ. ಕೆಟ್ಟ ಫ್ಯಾನು, ಸೈಕಲ್ಲು ಕಂಡಾಗ ಬಿಚ್ಚಿ ನೋಡುವ ಆಸೆಯಾಗುತ್ತದೆಯೇ? ಒಂದು ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕುವ ತಾಳ್ಮೆ ಇದೆಯೇ? ನಾಲ್ಕು ಜನರೊಂದಿಗೆ ಕೂತು ಒಂದು ತೀರ್ಮಾನಕ್ಕೆ ಬರಲಾಗುತ್ತದೆಯೇ? ಗಣಿತದಲ್ಲಿ ನೂರಕ್ಕೆ ನೂರು ಬರದಿದ್ದರೂ ಪರವಾಗಿಲ್ಲ, ಅದರ ಮೇಲೆ ಸಿಟ್ಟಿಲ್ಲದಿದ್ದರೆ ಸಾಕು.

ದಾರಿಗಳೂ ಒಂದಕ್ಕಿಂತ ಹೆಚ್ಚಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳ ಜೊತೆ ವಿಜ್ಞಾನ ಓದಿ, ಸಿಇಟಿ ಅಥವಾ ಜೆಇಇ ಬರೆದು ನಾಲ್ಕು ವರ್ಷದ ಬಿ.ಇ., ಬಿ.ಟೆಕ್. ಸೇರುವುದು ಎಲ್ಲರಿಗೂ ಗೊತ್ತಿರುವ ದಾರಿ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಕೆಲಸಕ್ಕೂ ಹೋಗಬಹುದು, ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೂ ಸೇರಬಹುದು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತವರಿಲ್ಲದೆ ಮೇಲೆ ಹೇಳಿದ ಒಂದು ಪಂಪೂ ತಿರುಗುವುದಿಲ್ಲ. ಡಿಪ್ಲೊಮಾವನ್ನು ಅಂಕ ಕಡಿಮೆ ಬಂದವರ ದಾರಿ ಎಂದು ಮೂಗು ಮುರಿಯುವ ನಮ್ಮ ರೂಢಿಗೆ ಯಾವ ಆಧಾರವೂ ಇಲ್ಲ. ವರ್ಕ್‌ಶಾಪಿನಲ್ಲಿ ಕೈ ಕೆಸರು ಮಾಡಿಕೊಂಡು ಬಂದ ವಿದ್ಯಾರ್ಥಿಗೆ ಬಿ.ಇ. ತರಗತಿಯ ಸೂತ್ರಗಳು ಬೇಗ ಹತ್ತುವುದುಂಟು.

ಕಾಲೇಜು ಸೇರುವ ಮೊದಲೇ ಈ ಕೆಲಸದ ರುಚಿ ನೋಡಬೇಕೆಂದಿದ್ದರೆ ಮನೆಯ ಸಂಪಿನ ಪಂಪಿನಿಂದ ಶುರು ಮಾಡಬಹುದು. ಸಾವಿರ ಲೀಟರಿನ ತೊಟ್ಟಿ ಸಂಪಿನ ನೀರಿಗಿಂತ 12 ಮೀಟರ್ ಮೇಲಿದ್ದು, ಒಂದು ಎಚ್‌ಪಿ ಮೋಟರ್ ಅದನ್ನು 15 ನಿಮಿಷದಲ್ಲಿ ತುಂಬುತ್ತದೆ ಎನ್ನೋಣ. ನೀರನ್ನು ಎತ್ತಲು ನಿಜಕ್ಕೂ ಬೇಕಾದ ಶಕ್ತಿ 1,17,600 ಜೂಲ್. ಆ ಹೊತ್ತಿನಲ್ಲಿ ಪೂರ್ಣ ಬಲದಿಂದ ಓಡಿದ ಮೋಟರ್ ಕೊಟ್ಟದ್ದು ಸುಮಾರು 6,71,000 ಜೂಲ್. ಅಂದರೆ ನೂರರಲ್ಲಿ ಹದಿನೆಂಟು ಪಾಲೂ ನೀರಿಗೆ ದಕ್ಕಿಲ್ಲ. ಉಳಿದದ್ದನ್ನು ತಿಂದದ್ದು ಕಿರಿದಾದ ಪೈಪೋ, ಸಾಲುಸಾಲು ಎಲ್ಬೋಗಳೋ, ಅರ್ಧ ಕಟ್ಟಿಕೊಂಡ ಫುಟ್‌ವಾಲ್ವೋ, ಆ ಎತ್ತರಕ್ಕೆ ಹೊಂದದ ಪಂಪೋ? ನಿಮ್ಮ ಮನೆಯ ಎತ್ತರವನ್ನು ದಾರ ಇಳಿಬಿಟ್ಟು ಅಳೆದು, ತೊಟ್ಟಿ ತುಂಬುವ ಹೊತ್ತನ್ನು ಗಡಿಯಾರ ಹಿಡಿದು ನೋಡಿ, ಒಂದೊಂದೇ ಕಾರಣವನ್ನು ಪರೀಕ್ಷಿಸಿ ತೆಗೆದುಹಾಕುತ್ತ ಬನ್ನಿ. ಮೋಟರಿನ ವೈರಿಗೆ ಕೈ ಹಾಕುವ ಕೆಲಸ ಬಿದ್ದರೆ ಮಾತ್ರ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅವರು ಏನು ಮಾಡುತ್ತಾರೆಂಬುದನ್ನು ಪಕ್ಕದಲ್ಲೇ ನಿಂತು ನೋಡಿ.