ದೇವಿಮನೆ ಇಳಿಯುವ ಕಾರಿಗೆ ಎಂಥ ಬ್ರೇಕು ಬೇಕು?

ಶನಿವಾರ ಮಧ್ಯಾಹ್ನ ಕಾರವಾರ ಬಿಟ್ಟು, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗ ಬ್ರೇಕಿನ ನೆನಪೇ ಬರುವುದಿಲ್ಲ. ಸೋಮವಾರ ನಸುಕಿನಲ್ಲಿ ಶಿರಸಿಯಿಂದ ಅದೇ ದಾರಿ ಇಳಿಯುವಾಗ ಬಲಗಾಲಿಗೆ ಅದೊಂದೇ ಕೆಲಸ. ಕೆಲಸ ಘಟ್ಟದ ಕೆಳಗೆ, ಮನೆ ಘಟ್ಟದ ಮೇಲೆ ಇರುವ ನನ್ನಂಥವರ ಕಾರು ವಾರದಲ್ಲಿ ಐದು ದಿನ ಕಡಲಿನ ಉಪ್ಪುಗಾಳಿಯಲ್ಲಿ ನಿಂತಿರುತ್ತದೆ, ಆರನೆಯ ದಿನ ಘಟ್ಟದಲ್ಲಿ ಕಾಯುತ್ತದೆ. ಬ್ರೇಕಿಗೆ ಇವೆರಡೂ ಶತ್ರುಗಳೇ. ಒಬ್ಬನಿಗೆ ಹೇಳಿದ ಮದ್ದು ಇನ್ನೊಬ್ಬನಿಗೆ ಆಗುವುದಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ನಮ್ಮ ಅತ್ತೆಯ ಮಗ ಸೆಕೆಂಡ್‌ಹ್ಯಾಂಡ್ ಟರ್ಬೊ ಕಾರೊಂದನ್ನು ಕೊಂಡ. ಸಣ್ಣ ಕಾರು, ದೊಡ್ಡ ಎಂಜಿನ್ನಿನ ಜೋರು. ಇಷ್ಟು ಓಡುವ ಕಾರಿಗೆ ಒಳ್ಳೆಯ ಬ್ರೇಕು ಬೇಕೆಂದು ತೂತು ಕೊರೆದ ಡಿಸ್ಕು (ಚಕ್ರದೊಡನೆ ತಿರುಗುವ ತಟ್ಟೆ), ಲೋಹದ ಪುಡಿ ಹೆಚ್ಚಿರುವ ಪ್ಯಾಡು (ಆ ತಟ್ಟೆಯನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ತುಂಡು) ತರಿಸಿ ಹಾಕಿಸಿದ. ಮುಂದಿನ ವಾರ ಘಟ್ಟದ ಬುಡದ ಕತಗಾಲದಿಂದ ಫೋನು ಬಂತು. "ಭಾವ, ಪೆಡಲ್ ಒಳಗೇ ಹೋತು. ಹೊಸ ಪ್ಯಾಡು ಹಾಕಿ ವಾರ ಆಜಿಲ್ಲೆ!" ಧ್ವನಿ ನಡುಗುತ್ತಿತ್ತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ್ದ. ಹಣ ಖರ್ಚು ಮಾಡಿಯೂ ಬ್ರೇಕು ಕೈಕೊಟ್ಟದ್ದು ಯಾಕೆ ಎಂದು ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರೇಕೆಂದರೆ ಓಟವನ್ನು ಬಿಸಿಯಾಗಿಸುವ ಯಂತ್ರ. 1300 ಕಿಲೊ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 5 ಲಕ್ಷ ಜೂಲ್ ಶಕ್ತಿ ಇರುತ್ತದೆ. ನಿಲ್ಲಿಸಿದರೆ ಅಷ್ಟೂ ಬಿಸಿಯಾಗಬೇಕು. ಹೆಚ್ಚು ಪಾಲು, ಸುಮಾರು 70 ಶೇಕಡಾ, ಮುಂದಿನ ಎರಡು ಚಕ್ರಗಳಿಗೆ ಬೀಳುತ್ತದೆ. ಮುಂದಿನ ಡಿಸ್ಕು ಒಂದೊಂದು 7 ಕಿಲೊ ಇದೆ ಎಂದುಕೊಂಡರೆ ಒಂದೇ ಸಲ ಹಾಗೆ ನಿಲ್ಲಿಸಿದಾಗ ಅದರ ಬಿಸಿ ಸುಮಾರು 55 ಡಿಗ್ರಿ ಏರುತ್ತದೆ. ಇದು ಸಮತಟ್ಟಾದ ಹೆದ್ದಾರಿಯ ಮಾತು. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ 64 ಲಕ್ಷ ಜೂಲ್. ನೂರರ ವೇಗದಿಂದ ಸುಮಾರು 13 ಸಲ ನಿಲ್ಲಿಸಿದಷ್ಟು. ಬಚ್ಚಲ ಹಂಡೆಯ 21 ಲೀಟರ್ ತಣ್ಣೀರು ಕುದಿ ಬರುವಷ್ಟು. ಗಾಳಿ ಒಂದಿಷ್ಟು ತಿನ್ನುತ್ತದೆ, ಟೈರು ಒಂದಿಷ್ಟು. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ದೊಡ್ಡ ಪಾಲು ಹೊರುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲು ಉಳಿಸಲು ಹೋದವರ ಕಾರಿನಲ್ಲಿ ಮಾತ್ರ ಆ ಹಂಡೆಯ ಬಿಸಿಯೆಲ್ಲ ಡಿಸ್ಕಿನ ಮೇಲೇ ಬೀಳುತ್ತದೆ.

ಬಿಸಿ ಮಿತಿಮೀರಿದಾಗ ಬ್ರೇಕು ಎರಡು ರೀತಿಯಲ್ಲಿ ಕೈಕೊಡುತ್ತದೆ. ಎರಡರ ಗುರುತೂ ಕಾಲಿಗೇ ಗೊತ್ತಾಗುತ್ತದೆ. ಪೆಡಲು ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ಹಿಡಿಯದಿದ್ದರೆ ತೊಂದರೆ ಪ್ಯಾಡಿನದು. ಪ್ಯಾಡಿನೊಳಗೆ ಹತ್ತಾರು ಪುಡಿ, ನಾರುಗಳನ್ನು ಹಿಡಿದಿಟ್ಟಿರುವುದು ಫೀನಾಲಿಕ್ ರಾಳ. ಅದು ತೀರ ಕಾದಾಗ ಒಡೆದು ಅನಿಲ ಬಿಡುತ್ತದೆ, ಉಜ್ಜುವ ಮೈಯ ಹಿಡಿತ ಕುಸಿಯುತ್ತದೆ. ಪೆಡಲು ಮೆತ್ತಗಾಗಿ ನೆಲಕ್ಕಿಳಿದರೆ ತೊಂದರೆ ಕಾಲಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್‌ನದು. ನಮ್ಮ ಹುಡುಗನಿಗೆ ಆದದ್ದು ಇದು. ಪ್ಯಾಡು ಬದಲಿಸಿದ್ದ, ಡಿಸ್ಕು ಬದಲಿಸಿದ್ದ, ಆಯಿಲ್ ಮಾತ್ರ ಹಳೆಯ ಮಾಲೀಕನ ಕಾಲದ್ದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಪೈಪಿನ ಮೂಲಕವೂ ತೇವ ಒಳನುಸುಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದೇ ಆಯಿಲ್ 3.7 ಶೇಕಡಾ ನೀರು ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಡಕ್ಕೆ ಬಗ್ಗುವುದಿಲ್ಲ, ಆವಿ ಬಗ್ಗುತ್ತದೆ. ಹಾಗಾಗಿ ಒತ್ತಿದ ಕಾಲು ಗುಳ್ಳೆಯನ್ನು ಹಿಂಡುತ್ತದೆಯೇ ಹೊರತು ಪ್ಯಾಡನ್ನು ತಳ್ಳುವುದಿಲ್ಲ. ಲೋಹ ಹೆಚ್ಚಿರುವ ಪ್ಯಾಡು ಡಿಸ್ಕಿನ ಬಿಸಿಯನ್ನು ಹಿಂದಕ್ಕೆ, ಪ್ಯಾಡನ್ನು ಹಿಡಿದು ತಳ್ಳುವ ಕ್ಯಾಲಿಪರಿನ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ಬೇಗ ದಾಟಿಸುತ್ತದೆ. ಗಟ್ಟಿಮುಟ್ಟಾದ ಹೊಸ ಪ್ಯಾಡೇ ಹಳೆಯ ಆಯಿಲನ್ನು ಕುದಿಸಿತ್ತು. ವರ್ಷಕ್ಕೆ 3 ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪ್ಯಾಡಿನ ಬಗ್ಗೆ ಯೋಚಿಸುವ ಮೊದಲೇ ಈ ಕೆಲಸ ಮುಗಿದಿರಬೇಕು.

ಪ್ಯಾಡಿನ ಕತೆ ಶುರುವಾಗಿದ್ದೇ ಇಳಿಜಾರಿನಲ್ಲಿ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಾಡಿನಲ್ಲಿ ಗಾಡಿ ಹೊಡೆಯುವವರು ಮರದ ಬ್ರೇಕ್ ತುಂಡಿಗೆ ಹಳೆಯ ಬೂಟು ಕಟ್ಟಿ ಹಿಡಿತ ಹೆಚ್ಚಿಸಿಕೊಳ್ಳುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ 1897ರಲ್ಲಿ ಒಳ್ಳೆಯ ಉಜ್ಜುಪಟ್ಟಿಯ ಪ್ರಯೋಗಕ್ಕೆ ಕೈಹಾಕಿದ. ಅವನ ಹೆಸರಿನ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್ತಳ ಹೆಸರಿನ ಮೊದಲಕ್ಷರ ಸೇರಿಸಿ, ತಿರುಗಿಸಿ ಜೋಡಿಸಿದ್ದು ಇವತ್ತಿನ ಫೆರೊಡೊ ಎಂಬ ಪ್ಯಾಡ್ ಕಂಪನಿಯ ಹೆಸರು. ಮುಂದೆ ಬಹುಕಾಲ ಪ್ಯಾಡುಗಳಲ್ಲಿ ಕಲ್ನಾರು ಇತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಬೇರೆ ಮಿಶ್ರಣಗಳು ಬಂದವು.

ಅಂಗಡಿಯಲ್ಲಿ ಈಗ ಕೇಳುವ ಹೆಸರುಗಳು ಮುಖ್ಯವಾಗಿ ಮೂರು: ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸೆರಾಮಿಕ್. ಆರ್ಗ್ಯಾನಿಕ್ ಮೆದು, ಸದ್ದಿಲ್ಲ, ಡಿಸ್ಕನ್ನು ಸವೆಸುವುದೂ ಕಡಿಮೆ. ಊರೊಳಗೆ ಓಡಿಸುವವರಿಗೆ ಸಾಕು, ಜೋರಾಗಿ ಘಟ್ಟ ಇಳಿಯುವವರಿಗೆ ಸಾಲದು. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ನಾರು ಇರುತ್ತದೆ. ಬಿಸಿ ತಡೆಯುತ್ತದೆ, ಆದರೆ ಆ ನಾರಿಗೆ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ನಾಲ್ಕು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರನ್ನು ಹೊರಡಿಸುವಾಗ "ಟಕ್" ಎಂದು ಏನೋ ಬಿಟ್ಟುಕೊಂಡ ಸದ್ದು ಬರುತ್ತದಲ್ಲ, ತುಕ್ಕಿನಿಂದ ಅಂಟಿಕೊಂಡ ಪ್ಯಾಡು ಬಿಡುವ ಸದ್ದು ಅದು. ಸೆರಾಮಿಕ್‌ಗೆ ಆ ಕಾಟ ಕಡಿಮೆ, ಧೂಳೂ ಕಡಿಮೆ. ಆದರೆ ಒಂದೇ ಹೆಸರಿನಡಿ ಬಗೆಬಗೆಯ ಮಿಶ್ರಣಗಳು ಮಾರಾಟವಾಗುವುದರಿಂದ ಹೆಸರಿಗಿಂತ ಪ್ಯಾಡಿನ ಮೇಲಿನ ಅಕ್ಷರಗಳನ್ನು ನಂಬುವುದು ಲೇಸು.

ಅನೇಕ ಪ್ಯಾಡುಗಳ ಅಂಚಿನಲ್ಲಿ ಅಚ್ಚಾದ ಉದ್ದನೆಯ ಗುರುತಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಎಫ್ಇ ಎಂದಿದ್ದರೆ ಆ ಪ್ಯಾಡು ಕಾದಾಗ ಹಿಡಿತ ಕಳೆದುಕೊಳ್ಳುತ್ತದೆ. ಅಂಥದ್ದು ದೇವಿಮನೆಗಾಗಲಿ ಅರಬೈಲು ಘಟ್ಟಕ್ಕಾಗಲಿ ಬೇಡ. ಎಫ್ಎಫ್ ಅಥವಾ ಜಿಜಿ ಇರಲಿ. ಒಂದು ಚದರ ಇಂಚಿನ ತುಣುಕನ್ನು ಉಜ್ಜಿ ಅಳೆದ ಅಂಕ ಇದು ಎಂಬುದೂ ನೆನಪಿರಲಿ. ಇಡೀ ಬ್ರೇಕಿನ ಪರೀಕ್ಷೆ ಬೇಕೆಂದರೆ ಇಸಿಇ ಆರ್90 ಎಂಬ ಗುರುತು ಹುಡುಕಬೇಕು. ಕಾರಿನ ಜತೆ ಬಂದ ಮೂಲ ಪ್ಯಾಡಿಗೂ ಇದಕ್ಕೂ ಬ್ರೇಕಿನ ಹಿಡಿತದಲ್ಲಿ 15 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬ ಯುರೋಪಿನ ನಿಯಮದ ಗುರುತು ಅದು.

ರೇಸ್ ಟ್ರ್ಯಾಕಿನ ಪ್ಯಾಡು ಹಾಕಿಸಬೇಕೆಂದು ಹುಡುಗರು ಕೇಳುತ್ತಾರೆ. ಬೇಡವೆಂದು ನಾನು ಕೈಮುಗಿದು ಹೇಳುತ್ತೇನೆ. ಆ ಪ್ಯಾಡಿಗೆ ನೂರಾರು ಡಿಗ್ರಿ ಕಾದ ಮೇಲೇ ಜೀವ ಬರುವುದು. ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ದನ ಅಡ್ಡ ಬಂದಾಗ ಅದು ತಣ್ಣಗಿರುತ್ತದೆ.

ಇನ್ನೊಂದು ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು. ಬಿಸಿ ಹಂಚಲೆಂದು ಪ್ಯಾಡುಗಳಿಗೆ ತಾಮ್ರ ಬೆರೆಸುವುದಿತ್ತು. ಸವೆದ ತಾಮ್ರ ಮಳೆನೀರಿನೊಡನೆ ಹೊಳೆ ಸೇರಿ ಮೀನಿಗೆ ವಿಷವಾಗುತ್ತದೆಂದು ಅಮೆರಿಕದ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳು ಕಾನೂನು ತಂದವು. 2025ರಿಂದ ಅಲ್ಲಿ ಮಿತಿ 0.5 ಶೇಕಡಾ. ಅಷ್ಟು ಕಡಿಮೆ ಇರುವ ಪ್ಯಾಡಿನ ಡಬ್ಬಿಯ ಮೇಲೆ ಮೂರು ಎಲೆಯ ಗುರುತು ಇರುತ್ತದೆ. ಈ ಘಟ್ಟದ ನೀರು ಇಳಿಯುವುದು ಅಘನಾಶಿನಿಗೆ. ಅಳಿವೆಯಲ್ಲಿ ಬಳಚು ಆರಿಸಿ ಬದುಕುವ ಮನೆಗಳು ಎಷ್ಟೋ ಇವೆ. ಎರಡು ಡಬ್ಬಿ ಎದುರಿಗಿದ್ದಾಗ ನಾನು ಎಲೆಯ ಗುರುತಿನದ್ದನ್ನೇ ಎತ್ತಿಕೊಳ್ಳುತ್ತೇನೆ.

ಇನ್ನು ಡಿಸ್ಕು. ಬೈಕಿನ ಡಿಸ್ಕು ತುಕ್ಕು ಹಿಡಿಯುವುದಿಲ್ಲ, ಕಾರಿನದು ಒಂದೇ ರಾತ್ರಿಯ ಮಳೆಗೆ ಕೆಂಪಗಾಗುತ್ತದಲ್ಲ, ಯಾಕೆ ಎಂದು ಕೇಳಿದವರಿದ್ದಾರೆ. ಬೈಕಿನದು ಸ್ಟೇನ್‌ಲೆಸ್ ಉಕ್ಕು, ಕಾರಿನದು ಬೀಡು ಕಬ್ಬಿಣ. ಬೀಡಿನೊಳಗೆ 3ರಿಂದ 4 ಶೇಕಡಾ ಇಂಗಾಲ, ಅದರಲ್ಲಿ ಹೆಚ್ಚಿನದು ಗ್ರಾಫೈಟಿನ ಸಣ್ಣ ಸಣ್ಣ ಪಕಳೆಗಳಾಗಿ ಹರಡಿಕೊಂಡಿರುತ್ತದೆ. ಆ ಪಕಳೆಗಳು ಬಿಸಿಯನ್ನು ಉಜ್ಜುವ ಮೈಯಿಂದ ಒಳಕ್ಕೆ ಬೇಗ ಒಯ್ಯುತ್ತವೆ. ಬೈಕ್ ಡಿಸ್ಕಿನ ಉಕ್ಕಿಗೆ ಆ ವೇಗ ಸುಮಾರು ಅರ್ಧ. ನಡುಕವನ್ನೂ ಅವೇ ನುಂಗುತ್ತವೆ. ಡಿಸ್ಕನ್ನು ಬೆರಳಿಗೆ ತೂಗುಹಾಕಿ ಹೊಡೆದು ನೋಡಿ, ಜಾಗಟೆಯಷ್ಟು ಹೊತ್ತು ಅದು ಗುಂಯ್‌ಗುಡುವುದಿಲ್ಲ. ಹಗುರ ಬೈಕಿಗೆ ಸಾಕಾಗುವ ಉಕ್ಕು ಒಂದೂಕಾಲು ಟನ್ನಿನ ಕಾರಿಗೆ ಆಗದು.

ಹಾಗಾಗಿ ಡಿಸ್ಕಿನಲ್ಲಿ ನೋಡಬೇಕಾದದ್ದು ಅದರ ತೂಕ ಮತ್ತು ಗಾಳಿ. ಮುಂದಿನ ಡಿಸ್ಕು ಎರಡು ತಟ್ಟೆಗಳ ನಡುವೆ ಸಂದು ಇರುವ ಜಾತಿಯದು. ತಿರುಗುವಾಗ ಒಳಗಿನ ಗೋಡೆಗಳು ಪಂಪಿನ ಹಾಗೆ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತವೆ. ಗೋಡೆಗಳು ಬಾಗಿದ್ದರೆ ಎಡ-ಬಲ ಬೇರೆ ಬೇರೆ, ಅದಲುಬದಲಾದರೆ ತಂಪು ಕಡಿಮೆ. ತೂತು ಕೊರೆದ ಡಿಸ್ಕು ನೋಡಲು ಚಂದ. ತೂತಿನಷ್ಟು ಲೋಹ ಕಡಿಮೆ, ಅಂದರೆ ಬಿಸಿ ತುಂಬಿಕೊಳ್ಳುವ ಪಾತ್ರೆಯೇ ಚಿಕ್ಕದು. ಕಾದು ಆರಿ, ಕಾದು ಆರಿ ತೂತಿನ ಬಾಯಿಂದಲೇ ಬಿರುಕು ಹೊರಡುತ್ತದೆ. ಕರಾವಳಿಯಲ್ಲಿ ತೂತಿನೊಳಗೆ ತುಕ್ಕಿನ ಪುಡಿ ಬೇರೆ. ಹುಡುಗನ ಡಿಸ್ಕನ್ನು ಬಿಚ್ಚಿ ಅಂಗಳದ ಬಿಸಿಲಿಗೆ ಹಿಡಿದಾಗ ಎರಡು ತೂತುಗಳ ಬದಿಗೆ ಕೂದಲಿನಂಥ ಗೀರು ಕಂಡಿತು, ಉಗುರಿಗೆ ಸಿಗುವಷ್ಟು. ಈ ದಾರಿಗೆ ಸಾದಾ ಡಿಸ್ಕೇ ನನ್ನ ಆಯ್ಕೆ. ಉಜ್ಜುವ ಮೈ ಬಿಟ್ಟು ಉಳಿದೆಡೆಗೆ ಸತುವಿನ ಲೇಪವಿದ್ದದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ದೊಡ್ಡ ಡಿಸ್ಕು ಹಾಕಿದರೆ ಕಾರು ಬೇಗ ನಿಲ್ಲುತ್ತದೆಂಬ ನಂಬಿಕೆ ಇದೆ. ಚಕ್ರವನ್ನು ತಡೆದು ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ಕಾಯುವ ಏರ್ಪಾಡು) ಎಬ್ಬಿಸುವಷ್ಟು ಬಲ ಕಂಪನಿಯ ಬ್ರೇಕಿಗೇ ಇರುತ್ತದೆ, ಅದರಾಚೆಗಿನ ಹಿಡಿತ ಟೈರಿನದು. ದೊಡ್ಡ ಡಿಸ್ಕಿನಿಂದ ಸಿಗುವ ಲಾಭ ಹತ್ತನೆಯ ತಿರುವಿನಲ್ಲಿ, ಬಿಸಿ ತಡೆದುಕೊಳ್ಳುವುದರಲ್ಲಿ.

ಹೊಸ ಡಿಸ್ಕು ಕೂರಿಸುವಾಗ ಹೆಚ್ಚಿನವರು ಅವಸರ ಮಾಡುವ ಜಾಗ ಒಂದಿದೆ. ಡಿಸ್ಕಿನ ಬೆನ್ನು ಕೂರುವ ಹಬ್ಬಿನ (ಚಕ್ರದ ನಡುಭಾಗದ) ಮೈಮೇಲೆ ಕಾರವಾರದ ಕಾರುಗಳಲ್ಲಿ ತುಕ್ಕಿನ ಹೊಪ್ಪಳೆ ಇದ್ದೇ ಇರುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯದೆ ಡಿಸ್ಕು ಕೂರಿಸಿದರೆ ಅಂಚು ಕೂದಲೆಳೆಯಷ್ಟು, 0.05 ಮಿ.ಮೀ.ಗಿಂತ ತುಸು ಹೆಚ್ಚು, ಓಲಾಡುತ್ತದೆ. ಮೊದಲ ದಿನ ಏನೂ ತಿಳಿಯುವುದಿಲ್ಲ. ಆದರೆ ಬ್ರೇಕು ಒತ್ತದಿದ್ದಾಗಲೂ ಆ ಉಬ್ಬು ಸುತ್ತಿಗೊಮ್ಮೆ ಪ್ಯಾಡಿಗೆ ಸವರುತ್ತಾ ಕೆಲವು ಸಾವಿರ ಕಿ.ಮೀ.ಗಳಲ್ಲಿ ಡಿಸ್ಕು ಒಂದೆಡೆ ತೆಳ್ಳಗಾಗಿ, ಇನ್ನೊಂದೆಡೆ ಪ್ಯಾಡಿನ ಪದಾರ್ಥ ಅಂಟಿ, ಸ್ಟಿಯರಿಂಗ್ ನಡುಗತೊಡಗುತ್ತದೆ. ಆಗ "ಡಿಸ್ಕು ಸೊಟ್ಟಗಾಗಿದೆ" ಎನ್ನುತ್ತಾರೆ. ಅಂಟು ಕೂತ ಜಾಗ ವಿಪರೀತ ಕಾದರೆ ಅಲ್ಲಿನ ಕಬ್ಬಿಣವೇ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ. ಲೇತಿನಲ್ಲಿ ಹೊರೆಸಿದರೂ ಆ ಕಲೆ ಒಳಗೇ ಉಳಿದಿರುತ್ತದೆ. ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ಅದೇ ಹೊತ್ತಿಗೆ ಬಿಚ್ಚಿ, ಒರೆಸಿ, ಬ್ರೇಕಿನ ಗ್ರೀಸನ್ನೇ ಹಚ್ಚಬೇಕು. ಉಪ್ಪಿಗೆ ಪಿನ್ನು ಬಿಗಿದರೆ ಒಂದು ಬದಿಯ ಪ್ಯಾಡು ಬಳಪದಷ್ಟು ತೆಳುವಾಗುವಾಗ ಇನ್ನೊಂದು ಹೊಸದರಂತೆಯೇ ಇರುತ್ತದೆ.

ಕೊನೆಗೆ ಹುಡುಗನ ಕಾರಿಗೆ ಹಾಕಿಸಿದ್ದು ಲೇಪವಿದ್ದ ಸಾದಾ ಡಿಸ್ಕು, ಆರ್90 ಗುರುತಿನ ಸೆರಾಮಿಕ್ ಪ್ಯಾಡು, ಹೊಸ ಡಾಟ್ 4 ಆಯಿಲ್. ಭಾನುವಾರ ಬೆಳಿಗ್ಗೆ ಖಾಲಿಯಿದ್ದ ಬನವಾಸಿ ರಸ್ತೆಗೆ ಹೋಗಿ ಅರವತ್ತರಿಂದ ಹದಿನೈದರವರೆಗೆ ಹತ್ತು ಸಲ ವೇಗ ಇಳಿಸಿದೆವು, ಒಮ್ಮೆಯೂ ಪೂರ್ತಿ ನಿಲ್ಲಿಸದೆ. ಕಾದ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಅದರ ಅಚ್ಚು ಡಿಸ್ಕಿನ ಮೇಲೆ ಮೂಡುತ್ತದೆ. ಹೀಗೆ ಉಜ್ಜಿದಾಗ ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಸುತ್ತಲೂ ಸಮನಾಗಿ ಹರಡುತ್ತದೆ, ಮುಂದೆ ಹಿಡಿತ ಕೊಡುವುದು ಆ ಪದರವೇ. ಆಮೇಲೆ ಹತ್ತು ನಿಮಿಷ ಬ್ರೇಕು ಮುಟ್ಟದೆ ಓಡಿಸಿ ಆರಿಸಿದೆವು. ಡಿಸ್ಕಿನ ಹೊಳಪು ಹೋಗಿ ಬೂದಿ ಬಣ್ಣ ಬಂದಿತ್ತು.

ಮಾರನೆಯ ದಿನ ಎರಡನೇ ಗೇರಿನಲ್ಲಿ ಘಟ್ಟ ಇಳಿದು ಕತಗಾಲದಲ್ಲಿ ಚಹಾಕ್ಕೆ ನಿಂತಾಗ ಅವನು ಮೊದಲು ಮಾಡಿದ್ದು ಒಂದೊಂದೇ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ, ಅಂಗೈಯ ಹಿಂಬದಿ ಹಿಡಿದದ್ದು. ಒಂದು ಬದಿ ಹೆಚ್ಚು ಕಾದಿದ್ದರೆ ಅಲ್ಲಿ ಪಿನ್ನು ಬಿಗಿದಿದೆ ಎಂದು ಅರ್ಥ. ಮುಂದಿನ ಎರಡೂ ಒಂದೇ ಹದಕ್ಕೆ ಬೆಚ್ಚಗಿದ್ದವು.